ಮೀನೆಣ್ಣೆ ಟ್ರೈಗ್ಲಿಸರೈಡ್ ಇಳಿಸುತ್ತದೆಯೇ? ನಾನು ಅಳೆದು ನೋಡಿದ ಬಗೆ

ನನ್ನ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ 260 ಮಿಲಿಗ್ರಾಂ ಆಸುಪಾಸಿನಲ್ಲಿತ್ತು. ಇರಬೇಕಾದದ್ದು 150ಕ್ಕಿಂತ ಕಡಿಮೆ. ಊಟ, ವ್ಯಾಯಾಮ ಸರಿಪಡಿಸಿಕೊಂಡು ತೂಕ ಒಂದು ಮಟ್ಟಕ್ಕೆ ಬಂದು ನಿಂತ ಮೇಲೂ ಅದು ಜಗ್ಗಲಿಲ್ಲ. ಮೀನು, ಅಗಸೆಗಳಲ್ಲಿ ಸಿಗುವ ಒಮೇಗಾ-3 ಕೊಬ್ಬಿನ ಎಣ್ಣೆ ಪ್ರಯತ್ನಿಸಲು ವೈದ್ಯರು ಒಪ್ಪಿದರು.

ಎಣ್ಣೆ ಶುರುಮಾಡುವ ಮೊದಲು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿದೆ. ಟ್ರೈಗ್ಲಿಸರೈಡ್ ಬಹಳ ಚಂಚಲ. ಏನನ್ನೂ ಬದಲಿಸದಿದ್ದರೂ ಶೇ 20ರಷ್ಟು ಏರಿಳಿಯಬಲ್ಲದು. ಹೆಚ್ಚು ಬಂದ ಒಂದೇ ವರದಿಯನ್ನು ಹಿಡಿದು ಹೊರಟರೆ ತಾನಾಗಿ ಇಳಿದದ್ದೂ ಎಣ್ಣೆಯ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಎರಡರ ಸರಾಸರಿ ತೆಗೆದುಕೊಂಡೆ. ಪ್ರತಿ ಸಲವೂ ಅದೇ ಪ್ರಯೋಗಾಲಯ, 12 ಗಂಟೆಗಳ ಉಪವಾಸ, ಹಿಂದಿನ ದಿನಗಳಲ್ಲಿ ಮದ್ಯವಿಲ್ಲ.

ಮೊದಲು ಅಗಸೆ ಎಣ್ಣೆ. ಅಂಕಿ ಅಲುಗಲಿಲ್ಲ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಒಮೇಗಾ-3, ಮೀನೆಣ್ಣೆಯಲ್ಲಿರುವುದು ಇಪಿಎ, ಡಿಎಚ್‌ಎ ಎಂಬ ಬಗೆಗಳು. ದೇಹ ಎಎಲ್‌ಎಯಲ್ಲಿ ಸಣ್ಣ ಪಾಲನ್ನಷ್ಟೇ ಇಪಿಎ ಆಗಿ ಬದಲಿಸುತ್ತದೆ, ಡಿಎಚ್‌ಎ ಆಗುವುದು ಅದಕ್ಕಿಂತಲೂ ಕಡಿಮೆ. ಆಹಾರವಾಗಿ ಅಗಸೆ ಒಳ್ಳೆಯದೇ, ಆದರೆ ಟ್ರೈಗ್ಲಿಸರೈಡ್ ಇಳಿಸಲು ಅದನ್ನು ನೆಚ್ಚಬೇಡಿ.

ಆಮೇಲೆ ಮೀನೆಣ್ಣೆಗೆ ಬಂದೆ. ಇಲ್ಲಿ ನೋಡಬೇಕಾದದ್ದು ಡಬ್ಬಿಯ ಮುಂಭಾಗವನ್ನಲ್ಲ, ಹಿಂಭಾಗವನ್ನು. 1,000 ಮಿಲಿಗ್ರಾಂ ಎಂದು ಬರೆದ ಸಾಮಾನ್ಯ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120, ಅಂದರೆ ಕೆಲಸಕ್ಕೆ ಬರುವುದು 300 ಮಿಲಿಗ್ರಾಂ ಮಾತ್ರ. ಟ್ರೈಗ್ಲಿಸರೈಡ್ ಇಳಿಯಲು ಇವೆರಡೂ ಸೇರಿ ದಿನಕ್ಕೆ 2ರಿಂದ 4 ಗ್ರಾಂ ಬೇಕು. ದಿನಕ್ಕೊಂದು ಗುಳಿಗೆ ನುಂಗಿ ಫಲಿತಾಂಶ ಕಾಯುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಾನು ಸಾಂದ್ರ ರೂಪದ ಎಣ್ಣೆಯನ್ನು, ವೈದ್ಯರು ಹೇಳಿದಂತೆ ಸುಮಾರು 3 ಗ್ರಾಂ ಲೆಕ್ಕದಲ್ಲಿ, ಊಟದ ಜೊತೆ ತೆಗೆದುಕೊಂಡೆ. ಜಿಡ್ಡಿರುವ ಊಟದೊಂದಿಗೆ ಅದು ಚೆನ್ನಾಗಿ ಹೀರಲ್ಪಡುತ್ತದೆ.

ಸುಮಾರು ಎರಡು ತಿಂಗಳ ಬಳಿಕ ಟ್ರೈಗ್ಲಿಸರೈಡ್ 190ಕ್ಕೆ ಬಂತು. ಯಕೃತ್ತು ಕೊಬ್ಬನ್ನು ತುಂಬಿ ರಕ್ತಕ್ಕೆ ಬಿಡುವ ವಿಎಲ್‌ಡಿಎಲ್ ಕಣಗಳ ಉತ್ಪಾದನೆ ತಗ್ಗುವುದೇ ಇದಕ್ಕೆ ಮುಖ್ಯ ಕಾರಣ. ಒಟ್ಟು ಕೊಲೆಸ್ಟರಾಲ್ ಮಾತ್ರ ಇದ್ದಲ್ಲೇ ಇತ್ತು, ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕೂಡ. ‘ಕೆಟ್ಟ’ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 14 ಅಂಕ ಏರಿದೆ ಎಂದಿತು ವರದಿ.

ಈ 14 ಎಲ್ಲಿಂದ ಬಂತೆಂದು ಬಿಡಿಸಿ ನೋಡಬೇಕು. ಎಲ್‌ಡಿಎಲ್ ಅನ್ನು ಬಹಳಷ್ಟು ಕಡೆ ಅಳೆಯುವುದಿಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತಾರೆ: ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು. 260ರ ಐದನೇ ಒಂದು 52, 190ರದ್ದು 38. ವ್ಯತ್ಯಾಸ 14! ಟ್ರೈಗ್ಲಿಸರೈಡ್ ಹೆಚ್ಚಿದ್ದಷ್ಟೂ ಈ ಸೂತ್ರದ ನಿಖರತೆ ಕುಸಿಯುತ್ತದೆ, 400 ದಾಟಿದರೆ ಬಳಸುವಂತೆಯೇ ಇಲ್ಲ. ಅದಕ್ಕಾಗಿಯೇ ಮೊದಲೂ ಕೊನೆಯಲ್ಲೂ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಸಿದ್ದೆ. ಅಲ್ಲಿ ಏರಿಕೆ ಇತ್ತು, ಆದರೆ ಅಷ್ಟಿರಲಿಲ್ಲ. ಡಿಎಚ್‌ಎ ಇರುವ ಎಣ್ಣೆಯಿಂದ ಎಲ್‌ಡಿಎಲ್ ತುಸು ಏರಬಹುದೆಂಬುದು ಗೊತ್ತಿರುವ ವಿಷಯವೇ.

ಟ್ರೈಗ್ಲಿಸರೈಡ್ ಇಳಿಯಿತೆಂದರೆ ಹೃದಯಾಘಾತದ ಅಪಾಯವೂ ಇಳಿಯಿತೆಂದಲ್ಲ. ಶುದ್ಧೀಕರಿಸಿದ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟ ರೆಡ್ಯೂಸ್-ಇಟ್ ಪ್ರಯೋಗದಲ್ಲಿ (2018) ಹೃದಯ ಸಂಬಂಧಿ ಅವಘಡಗಳು ಶೇ 25ರಷ್ಟು ತಗ್ಗಿದವು. ಇಪಿಎ, ಡಿಎಚ್‌ಎ ಎರಡನ್ನೂ ಕೊಟ್ಟ ಸ್ಟ್ರೆಂತ್ ಪ್ರಯೋಗದಲ್ಲಿ (2020) ಲಾಭ ಕಾಣಲಿಲ್ಲ. ಎರಡರಲ್ಲೂ ಹೃದಯ ಬಡಿತ ತಾಳತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚಿತ್ತು. ಈ ಪ್ರಮಾಣದ ಎಣ್ಣೆಯನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಲೇಬಾರದು.

ಕೊನೆಗೆ ಅವರನ್ನೇ ಕೇಳಿ ಎಣ್ಣೆ ನಿಲ್ಲಿಸಿ ನೋಡಿದೆ. ಕೆಲವು ವಾರಗಳಲ್ಲಿ ಟ್ರೈಗ್ಲಿಸರೈಡ್ ಮತ್ತೆ ಹಳೆಯ ಮಟ್ಟದ ಹತ್ತಿರ ಬಂತು. ಇಳಿಸಿದ್ದು ಎಣ್ಣೆಯೇ ಎಂದು ನಾನು ನಂಬಿದ್ದು ಆಗಲೇ.