ಗೋಷ್ಠಿ ಮಾಡ್ತೀರಾ? ಮೊದಲು 40 ನಿಮಿಷ ಎತ್ತಿಡಿ

ವಿಶ್ವವಿದ್ಯಾಲಯದ ವಿಭಾಗವೊಂದು ಊರಿನವರನ್ನೂ ಕರೆದು ವಿಚಾರಗೋಷ್ಠಿ ಮಾಡುತ್ತದೆ. ಆಮಂತ್ರಣದಲ್ಲಿ ‘ಸಂವಾದ’ ಎಂದು ಅಚ್ಚಾಗಿರುತ್ತದೆ. ಸಂವಾದದ ಸರದಿ ಬರುವಾಗ ಊಟದ ಹೊತ್ತು. ‘ಸಮಯದ ಅಭಾವದಿಂದ ಎರಡೇ ಪ್ರಶ್ನೆ’ ಅಂತಾರೆ ನಿರೂಪಕರು. ಬಸ್ಸು ಹತ್ತಿ ಬಂದವರು ಸುಮ್ನೆ ಎದ್ದು ಹೋಗುತ್ತಾರೆ. ಹೀಗಾಗಬಾರದು ಎಂದರೆ ಲೆಕ್ಕವನ್ನು ಕೊನೆಯಿಂದ ಶುರು ಮಾಡಿ.

ಎರಡು ಗಂಟೆ ಎಂದರೆ 120 ನಿಮಿಷ. ಅದರಲ್ಲಿ 40 ಸಭಿಕರದ್ದು, ಮುಟ್ಟಬೇಡಿ. ಮೂವರು ಮಾತುಗಾರರಿಗೆ ತಲಾ 15. ಅವರವರೇ ವಾದ ಮಾಡಲು 20. ಶಾಸ್ತ್ರಕ್ಕೆ ಉಳಿದದ್ದು 15. ನಾಡಗೀತೆ ಎರಡೂವರೆ ನಿಮಿಷ ಎಂದು ಸರ್ಕಾರವೇ 2022ರಲ್ಲಿ ಗೊತ್ತು ಮಾಡಿದೆ. ಸ್ವಾಗತ ಭಾಷಣಕ್ಕೆ ಅಂಥ ಆದೇಶ ಇಲ್ಲ, ಅದೇ ಕಷ್ಟ! ಸ್ವಾಗತ, ಪ್ರಾಸ್ತಾವಿಕ ಎರಡನ್ನೂ ಒಬ್ಬರೇ ಮುಗಿಸಲಿ. ಅತಿಥಿಗಳ ಪರಿಚಯ ಆಮಂತ್ರಣದಲ್ಲೇ ಇರಲಿ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಕೊನೆಗೆ, ಒಟ್ಟಿಗೆ.

ದತ್ತಿ ಉಪನ್ಯಾಸದ ಜೊತೆ ಗೋಷ್ಠಿ ಇಟ್ಟುಕೊಂಡಿದ್ದರೆ ದತ್ತಿ ಪತ್ರವನ್ನು ಮೊದಲೇ ಓದಿಕೊಳ್ಳಿ. ವಿಷಯ ಯಾವುದಿರಬೇಕೆಂದು ದಾನಿಗಳು ಅದರಲ್ಲೇ ಬರೆಸಿರಬಹುದು.

ವಿಷಯ ಪ್ರಶ್ನೆಯಾಗಿರಲಿ. ‘ಕರ್ನಾಟಕದ ಕೆರೆಗಳು’ ಎಂದರೆ ಮೂರು ಭಾಷಣ ಆಗುತ್ತದೆ, ಅಷ್ಟೇ. ‘ಕೆರೆಯ ಹೂಳು ಎತ್ತುವ ಹೊಣೆ ಯಾರದು?’ ಎಂದು ಕೇಳಿ, ಜಗಳ ತಾನಾಗಿ ಹುಟ್ಟುತ್ತದೆ. ಸಂಶೋಧಕರು, ಎಂಜಿನಿಯರ್ ಜೊತೆಗೆ ಆ ಕೆರೆಯ ನೀರಿನಲ್ಲಿ ಗದ್ದೆ ಮಾಡುವ ರೈತರೊಬ್ಬರನ್ನೂ ಕೂರಿಸಿ. ಮಾತು ಕನ್ನಡದಲ್ಲೇ ನಡೆಯಲಿ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸ ಮಾಲೆಯಲ್ಲಿ ಇದನ್ನು ಮಾಡಿ ತೋರಿಸಿದೆ. ಅಧ್ಯಾಪಕರು ಕ್ಯಾಂಪಸ್ ಬಿಟ್ಟು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಬಂದವು.

ಗೋಷ್ಠಿ ನಡೆಸಿಕೊಡುವವರು ಒಂದು ವಾರ ಮುಂಚೆ ಮೂವರಿಗೂ ಫೋನ್ ಮಾಡಿ, ಯಾರು ಏನು ಹೇಳುತ್ತಾರೆ ಎಂದು ತಿಳಿದುಕೊಳ್ಳಬೇಕು. 15 ನಿಮಿಷ ಎಂದರೆ 15 ನಿಮಿಷ ಎಂದು ಆಗಲೇ ಹೇಳಿಬಿಡಬೇಕು. ವೇದಿಕೆಗೆ ಚೀಟಿ ಕಳಿಸುವುದರಿಂದ ಪ್ರಯೋಜನ ಇಲ್ಲ. ಓದದೇ ಮಡಚಿ ಜೇಬಿಗಿಟ್ಟು ‘ಇನ್ನೊಂದೇ ಮಾತು’ ಎನ್ನುವವರೇ ಜಾಸ್ತಿ. ಅದರ ಬದಲು ಮೊದಲ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ. ‘3 ನಿಮಿಷ’ ಎಂದು ದಪ್ಪಗೆ ಬರೆದ ರಟ್ಟನ್ನು ಅವನು ಎತ್ತಿ ಹಿಡಿಯಲಿ. ಅದು ಇಡೀ ಸಭೆಗೆ ಕಾಣುತ್ತದೆ, ಅಲ್ವಾ? ನಾಚಿಕೆಗಾದರೂ ನಿಲ್ಲಿಸುತ್ತಾರೆ.

ಪ್ರಶ್ನೋತ್ತರದಲ್ಲಿ ಕಾರ್ಡ್‌ಲೆಸ್ ಮೈಕನ್ನು ಸಭಿಕರ ಕೈಗೆ ಕೊಡಬೇಡಿ. ಸ್ವಯಂಸೇವಕರೇ ಹಿಡಿದುಕೊಳ್ಳಲಿ. ಕೈಗೆ ಸಿಕ್ಕಿದರೆ ಪ್ರಶ್ನೆ ಹೋಗಿ ನಾಲ್ಕನೇ ಭಾಷಣ ಶುರು! ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬರಲಿ. ಮುಂದಿನ ಸಾಲಿನ ಹಿರಿಯರಿಗೆ ಮಾತಾಡಲು ಬೇರೆ ವೇದಿಕೆಗಳಿವೆ. ಎದ್ದು ನಿಲ್ಲಲು ಸಂಕೋಚ ಪಡುವವರಿಗೆ ಬಾಗಿಲಲ್ಲೇ ಚೀಟಿ, ಪೆನ್ನು ಕೊಟ್ಟಿರಿ.

ಚಹಾ ಎಲ್ಲ ಮುಗಿದ ಮೇಲೆ. ನಡುವೆ ಟ್ರೇ ಬಂದರೆ ಮಾತು ಅಲ್ಲಿಗೇ ನಿಂತಿತು. ವಂದನಾರ್ಪಣೆ ಆದ ತಕ್ಷಣ ಅತಿಥಿಗಳನ್ನು ಕಾರು ಹತ್ತಿಸಬೇಡಿ. ಸಭೆಯಲ್ಲಿ ಕೈ ಎತ್ತದವರು ಲೋಟ ಹಿಡಿದುಕೊಂಡು ಅವರ ಹತ್ತಿರ ಬರುವುದು ಆಗಲೇ.