ಉಪ್ಪಿನಕಾಯಿ ಡಬ್ಬಿಯ ತಳ ನೋಡಿ

ಚಿಕ್ಕಮಗಳೂರಿನ ನಮ್ಮನೆಯಲ್ಲಿ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಹಳೇ ಪೇಂಟ್ ಬಕೆಟ್‌ನಲ್ಲಿ ತುಂಬಿಟ್ಟಿದ್ದರು. ಎದೆ ಧಸಕ್ಕೆಂದಿತು. ಅಂದೇ ಮನೆಯ ಎಲ್ಲ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿದೆ.

ತಳದ ತ್ರಿಕೋನದಲ್ಲೊಂದು ಅಂಕಿ ಇರುತ್ತದೆ. 5 ಅಂದರೆ ಪಾಲಿಪ್ರೊಪಿಲೀನ್, ದಿನಸಿಗೆ ಇರಲಿ. 3 ಪಿವಿಸಿ, ಮೆದುವಾಗಿಸಲು ಥಾಲೇಟ್ ಎಂಬ ರಾಸಾಯನಿಕ ಬೆರೆಸಿರಬಹುದು, ಅದು ಎಣ್ಣೆಗೆ ಸುಲಭವಾಗಿ ಇಳಿಯುತ್ತದೆ. 7 ಅಂದರೆ 'ಇತರೆ'. ಗಾಜಿನಂತೆ ಹೊಳೆಯುವ ಗಟ್ಟಿ ಪಾಲಿಕಾರ್ಬೊನೇಟ್ ಈ ಗುಂಪಿನದು. ಅದನ್ನು ತಯಾರಿಸುವುದು ಬಿಪಿಎ (ಬಿಸ್ಫಿನಾಲ್-ಎ) ಎಂಬ ರಾಸಾಯನಿಕದಿಂದ. ಹಸುಗೂಸಿನ ಹಾಲಿನ ಬಾಟಲಿಗೆ ಯುರೋಪಿನ ಒಕ್ಕೂಟ ಬಿಪಿಎಯನ್ನು 2011ರಲ್ಲೇ ನಿಷೇಧಿಸಿತು.

ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ. ಪೇಂಟ್ ಬಕೆಟ್‌ಗೂ 5 ಇರಬಹುದು, ಊಟಕ್ಕೆ ಬೇಡವೇ ಬೇಡ. ಗೀರು ಬಿದ್ದದ್ದು, ಮಬ್ಬಾದದ್ದು ಆಚೆ. ಉಪ್ಪಿನಕಾಯಿಗೆ ಪಿಂಗಾಣಿ ಭರಣಿ, ಬಿಸಿ ಸಾರಿಗೆ ಸ್ಟೀಲ್. ಹೋಟೆಲಿಗೂ ಕ್ಯಾರಿಯರ್ ಹಿಡಿದೇ ಹೋಗುತ್ತೇನೆ.