ದೇವಿಮನೆ ಘಟ್ಟದಲ್ಲಿ ಕೇಳಿದ ಲಟಕ್ ಸದ್ದು

ಬೈಕಿನಲ್ಲಿ ಲಟಕ್ ಅಂತ ಸದ್ದು ಬಂದರೆ ಎಲ್ಲರೂ ಬಗ್ಗಿ ಹುಡುಕುವುದು ಅದು ಎಲ್ಲಿಂದ ಬರ್ತಿದೆ ಅಂತ. ಯಾವಾಗ ಬರ್ತಿದೆ ಅಂತ ಮೊದಲು ನೋಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಬೈಕಿನ ಚಾಸಿ ಅಂದರೆ ಕಬ್ಬಿಣದ ಕೊಳವೆಗಳು ತಾನೆ? ಹಿಂದಿನ ಚಕ್ರದ ಸದ್ದು ಆ ಕೊಳವೆಯಲ್ಲೇ ಹಾದು ಬಂದು ಟ್ಯಾಂಕಿನ ಕೆಳಗೆ ಕೇಳುತ್ತದೆ. ಹೆಲ್ಮೆಟ್ ಹಾಕಿದ ಕಿವಿಗೆ ದಿಕ್ಕು ಸಿಗುವುದಿಲ್ಲ.

ನನ್ನದು 125 ಸಿಸಿ ಬೈಕ್. ಮುಂದೆ, ಹಿಂದೆ ಎರಡೂ ಕಡೆ ಡ್ರಮ್ ಬ್ರೇಕ್. ಕೆಲಸದ ಮೇಲೆ ಶಿರಸಿಯಿಂದ ಕುಮಟಾಕ್ಕೆ ಇಳಿದು, ಅಂಕೋಲಾ ಮೇಲೆ ಕಾರವಾರಕ್ಕೆ ಹೋಗುವುದು ಆಗಾಗ ಇದ್ದೇ ಇರುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಲಟಕ್ ಅನ್ನುತ್ತಿತ್ತು. ಒಂದೇ ಸಲ, ಕಾಲಿಗೂ ತಾಗುವ ಹಾಗೆ. ಮುಂದಿನ ತಿರುವಿನಲ್ಲಿ ಮತ್ತೊಮ್ಮೆ. ಕುಮಟಾ ದಾಟಿ 66ನೇ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೊರಟರೆ ಸದ್ದೇ ಇಲ್ಲ.

ಕೇಳಿದವರೆಲ್ಲ ಒಂದೊಂದು ಹೇಳಿದರು. ಚೈನ್ ಸಡಿಲ ಆಗಿದೆ, ಶಾಕಪ್ ಬುಷ್ ಹೋಗಿದೆ, ಇಂಜಿನ್ ಮೌಂಟಿಂಗ್ ಬೋಲ್ಟ್ ನೋಡಿ. ಒಂದು ಗ್ಯಾರೇಜಿನಲ್ಲಿ, ‘ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು) ಬದಲಿಸಿ ಬಿಡುವಾ’ ಅಂದರು. ಯಾವುದೂ ಸುಮ್ನೆ ಹೇಳಿದ್ದಲ್ಲ, ಇವೆಲ್ಲವೂ ಇಂಥ ಸದ್ದು ಮಾಡುತ್ತವೆ. ಆದರೆ ಪರೀಕ್ಷೆ ಮಾಡದೆ ಸಾಮಾನು ಬದಲಿಸುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ಇಂಜಿನ್ ಬೇರೆ ಮಾಡಿದೆ. ನಮ್ಮ ಮನೆ ದಣಪೆಯಿಂದ ಡಾಂಬರು ರಸ್ತೆವರೆಗೆ ಸಣ್ಣ ಇಳಿಜಾರಿದೆ. ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ನಡಿಗೆಯ ವೇಗಕ್ಕೆ ಬೈಕ್ ಬಿಟ್ಟೆ. ಬ್ರೇಕ್ ಒತ್ತಿದಾಗ ಲಟಕ್ ಅಂತು. ಇಂಜಿನ್ನು, ಕ್ಲಚ್ಚು, ಗೇರು ಮೂರನ್ನೂ ಅಲ್ಲಿಗೇ ಬಿಟ್ಟೆ. (ಈ ಪರೀಕ್ಷೆಯನ್ನು ಘಟ್ಟದಲ್ಲಿ ಖಂಡಿತ ಮಾಡಬೇಡಿ. ಗೇರು ಹಿಡಿದಿಡುವ ಬಲವೇ ಇಲ್ಲದೆ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ.) ಎರಡನೇ ಸಲ ಮುಂದಿನ ಬ್ರೇಕ್ ಮಾತ್ರ ಹಿಡಿದೆ. ಸದ್ದಿಲ್ಲ. ಹಿಂದಿನದು ಒತ್ತಿದೆ. ಲಟಕ್.

ಆದರೂ ಕೋನ್ ಸೆಟ್ ನೋಡಿಯೇ ಬಿಟ್ಟೆ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ದೂಡಿದೆ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಎಳೆದೆ. ಎಲ್ಲೂ ಆಟ ಇರಲಿಲ್ಲ. ಹಿಂದಿನ ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿದೆ, ಆ ಚಕ್ರವನ್ನು ಚಾಸಿಗೆ ಹಿಡಿದಿಡುವ ಸ್ವಿಂಗ್ ಆರ್ಮಿನ ಬುಷ್ ಸರಿಯಾಗಿತ್ತು. ಚೈನಿನ ಸಡಿಲವೂ ಬೈಕಿನ ಪುಸ್ತಕದಲ್ಲಿ ಹೇಳಿದಷ್ಟೇ ಇತ್ತು.

ಉಳಿದದ್ದು ಹಿಂದಿನ ಬ್ರೇಕ್. ಪಕ್ಕದ ಮನೆ ಹುಡುಗನನ್ನು ಕರೆದೆ. ‘ತಮ್ಮಾ, ಬ್ರೇಕ್ ಒತ್ತಿ ಹಿಡ್ಕೊಂಡು ಬೈಕನ್ನ ಸ್ವಲ್ಪ ಮುಂದೆ ದೂಡು, ಆಮೇಲೆ ಹಿಂದೆ ಎಳಿ’ ಅಂದೆ. ನಾನು ಕೆಳಗೆ ಕೂತು ಬೆರಳಿಟ್ಟೆ.

ಡ್ರಮ್ ಬ್ರೇಕಿನಲ್ಲಿ ಶೂಗಳು, ಅಂದರೆ ಉಜ್ಜಿ ಚಕ್ರ ನಿಲ್ಲಿಸುವ ತುಂಡುಗಳು, ಡ್ರಮ್ಮಿಗೆ ಒತ್ತಿದಾಗ, ತಿರುಗುತ್ತಿರುವ ಡ್ರಮ್ ತನ್ನ ಜೊತೆ ಆ ಶೂಗಳು ಕೂತಿರುವ ಬ್ರೇಕ್ ಪ್ಲೇಟನ್ನೂ ತಿರುಗಿಸಲು ನೋಡುತ್ತದೆ. ಅದು ತಿರುಗದ ಹಾಗೆ ಒಂದು ಕಬ್ಬಿಣದ ಪಟ್ಟಿ ಪ್ಲೇಟನ್ನು ಸ್ವಿಂಗ್ ಆರ್ಮಿಗೆ ಹಿಡಿದಿಟ್ಟಿರುತ್ತದೆ. ಕೆಸರಿನ ಅಡಿಯಲ್ಲಿ ಇರುವುದರಿಂದ ಅದನ್ನು ಯಾರೂ ಗಮನಿಸುವುದಿಲ್ಲ. ಪಟ್ಟಿ ಮತ್ತು ಪ್ಲೇಟು ಸೇರುವ ಜಾಗದಲ್ಲಿ, ಎರಡರ ಮೇಲೂ ತಾಗುವ ಹಾಗೆ ಬೆರಳಿಟ್ಟಿದ್ದೆ. ಹುಡುಗ ಮುಂದೆ ದೂಡಿದ. ಬೆರಳಿನ ಕೆಳಗೇ ಲಟಕ್. ಹಿಂದೆ ಎಳೆದ. ಮತ್ತೆ ಲಟಕ್. ಒಂದೇ ಕಡೆಗೆ ಎರಡು ಸಲ ದೂಡಿದರೆ ಎರಡನೇ ಸಲ ಸದ್ದಿಲ್ಲ. ಯಾಕೆಂದರೆ ಸಡಿಲ ಇದ್ದಷ್ಟೂ ಒಂದು ಪಕ್ಕಕ್ಕೆ ಹೋಗಿ ಕೂತಿರುತ್ತದೆ. ಬ್ರೇಕ್ ಬಿಟ್ಟು ಓಡುವಾಗ ರಸ್ತೆಯ ಅಲುಗಾಟಕ್ಕೆ ಅದು ಮತ್ತೆ ಜಾರುತ್ತದೆ. ತಿರುವಿಗೊಂದೇ ಲಟಕ್ ಯಾಕೆ ಅನ್ನುವುದು ಆಗ ಸರಿಯಾಗಿ ಅರ್ಥವಾಯಿತು.

ಕೆಸರು ಕೆರೆದು ಬೋಲ್ಟ್ ಬಿಚ್ಚಿದೆ. ನಟ್ಟು ಬಿಚ್ಚಿಹೋಗದ ಹಾಗೆ ಅಡ್ಡ ತೂರಿಸಿ ಕಾಲು ಮಡಿಚಿರಬೇಕಾದ ಸ್ಪ್ಲಿಟ್ ಪಿನ್ ಇಲ್ಲ. ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಬೋಲ್ಟಿನ ನಡುವೆ ಸವೆದು ಮೆಟ್ಟಿಲಿನ ಹಾಗೆ ಗೀರು ಬಿದ್ದಿತ್ತು. ಪಟ್ಟಿಯ ದುಂಡು ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನಿಜಕ್ಕೂ ಎದೆ ಝಲ್ ಅಂತು. ಆ ನಟ್ಟು ಘಟ್ಟದಲ್ಲಿ ಬಿದ್ದು ಬೋಲ್ಟ್ ಜಾರಿದ್ದರೆ, ಬ್ರೇಕ್ ಒತ್ತಿದ ಕೂಡಲೇ ಪ್ಲೇಟೇ ತಿರುಗಿ, ಪೆಡಲಿನಿಂದ ಬರುವ ಬ್ರೇಕ್ ರಾಡನ್ನು ಎಳೆದುಕೊಂಡು ಚಕ್ರ ಗಪ್ಪಂತ ನಿಂತುಬಿಡಬಹುದು. ಪಕ್ಕದಲ್ಲಿ ಪ್ರಪಾತ.

ತೂತು ಅಗಲವಾದ ಮೇಲೆ ನಟ್ಟು ಬಿಗಿ ಮಾಡಿ ಉಪಯೋಗವಿಲ್ಲ. ಹೊಸ ಪಟ್ಟಿ, ಹೊಸ ಬೋಲ್ಟು, ನಟ್ಟು, ಸ್ಪ್ರಿಂಗ್ ವಾಷರ್, ಸ್ಪ್ಲಿಟ್ ಪಿನ್ ಎಲ್ಲ ತಂದು ಹಾಕಿದೆ. ಮಾಮೂಲಿ ಹಾರ್ಡ್‌ವೇರ್ ಅಂಗಡಿ ಬೋಲ್ಟ್ ಬೇಡ, ಅದೇ ಬೈಕಿನದೇ ತನ್ನಿ. ಬ್ರೇಕಿನ ಹೊಡೆತ ಪೂರ್ತಿ ಬೀಳುವುದು ಅದರ ಮೇಲೆ. ಕರಾವಳಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ ಅಂತ ಬೋಲ್ಟಿಗೆ ತೆಳ್ಳಗೆ ಗ್ರೀಸ್ ಸವರಿದೆ. ಗ್ರೀಸ್ ಕೈಯಲ್ಲಿ ಡ್ರಮ್ಮಿನ ಕಡೆ ಮಾತ್ರ ಹೋಗಬಾರದು.

ಪಿನ್ ಎಲ್ಲಿ ಹೋಯಿತು? ಹಿಂದಿನ ಚಕ್ರ ಬಿಚ್ಚಬೇಕಾದರೆ ನನ್ನ ಬೈಕಿನಲ್ಲಿ ಈ ಬೋಲ್ಟ್ ತೆಗೆಯಲೇಬೇಕು. ಪಂಚರ್ ಹಾಕಿಸಿದಾಗ ತೆಗೆದ ಪಿನ್ ವಾಪಸ್ ಕೂತಿಲ್ಲ ಅನ್ನಿಸುತ್ತದೆ. ಹಳೇ ಪಿನ್ ನೆಟ್ಟಗೆ ಮಾಡುವಾಗ ಮುರಿದುಹೋಗುವುದೂ ಜಾಸ್ತಿ. ಈಗ ಸೀಟಿನ ಕೆಳಗೆ ಟೂಲ್ ಚೀಲದಲ್ಲಿ ಒಂದಷ್ಟು ಪಿನ್ ಇಟ್ಟುಕೊಂಡಿದ್ದೇನೆ. ಪಂಚರ್ ಅಂಗಡಿಯಲ್ಲಿ ಚಕ್ರ ಕೂರಿಸಿ ಮುಗಿದ ಮೇಲೆ ಒಂದನ್ನು ಕೈಗೆ ಕೊಟ್ಟು, ಅದರ ಕಾಲು ಮಡಿಚುವ ತನಕ ಅಲ್ಲೇ ನಿಲ್ಲುತ್ತೇನೆ.